ರಾಣಿಯ ಫಲಕಕ್ಕೊಂದು ಗೋಡೆ

ಫಲಕ ತಯಾರಾಗಿತ್ತು, ಗೋಡೆ ಸಿಕ್ಕಿರಲಿಲ್ಲ. ರಾಣಿ ಪಟ್ಟಕ್ಕೆ ಬಂದು ಎಪ್ಪತ್ತು ವರ್ಷವಾದ ನೆನಪಿಗೆ ನಮ್ಮ ವಿದರ್‌ಕೂಂಬ್ ಪಟ್ಟಣ ಮಾಡಿಸಿದ ಕಂಚಿನ ಫಲಕವನ್ನು ಕಂಕುಳಲ್ಲಿಟ್ಟುಕೊಂಡು ಮೇಯರ್ ಟ್ಯಾಪ್‌ಸ್ಕಾಟ್ ಬೆಳಗಿನಿಂದ ಬೀದಿ ಸುತ್ತುತ್ತಿದ್ದರು. ನಾಳೆಯೇ ಅನಾವರಣ. ಚರ್ಚು, ಸಂತೆಕಟ್ಟೆ, ಕಡೆಗೆ ಕುದುರೆ ನೀರು ಕುಡಿಯುತ್ತಿದ್ದ ಕಲ್ಲುತೊಟ್ಟಿಯೂ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದವು. ಒಂದು ಮೊಳೆ ಹೊಡೆಯಲಿಕ್ಕೂ ಆರು ತಿಂಗಳು ಮೊದಲೇ ಅರ್ಜಿ ಹಾಕಬೇಕು.

“ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತಿದ್ದೀರಲ್ಲ ಸಾಹೇಬ್ರೆ,” ಎಂದಳು ಬೆರಿಲ್, ಸಾರ್ವಜನಿಕ ಶೌಚಾಲಯದ ಬಾಗಿಲಲ್ಲಿ ಪೊರಕೆ ಹಿಡಿದು ನಿಂತು. “ಇಲ್ಲೊಂದು ಗೋಡೆ ಇದೆ. ಎಪ್ಪತ್ತೊಂದನೇ ಇಸ್ವೀಲಿ ಕಟ್ಟಿದ್ದು, ಯಾವ ಪಟ್ಟೀಲೂ ಇಲ್ಲ.”

“ರಾಣಿ ಹೆಸರು ಕಕ್ಕಸಿನ ಗೋಡೆಗಾ? ತಲೆ ನೆಟ್ಟಗಿದೆಯಾ ನಿಂಗೆ?”

“ಹಾಗಾದ್ರೆ ನಾಳೆ ನೀವೇ ಎದೆಗೆ ಕಟ್ಕೊಂಡು ನಿಂತ್ಕೊಳ್ಳಿ.”

ಮೇಯರರಿಗೆ ಬೇರೆ ದಾರಿ ಇರಲಿಲ್ಲ; ಫಲಕ ಆ ಗೋಡೆಗೇ ಏರಿತು. ಆ ಶೌಚಾಲಯಕ್ಕೆ ತಿಂಗಳ ಕೊನೆಗೆ ಬೀಗ ಹಾಕುವುದೆಂದು ಅವರೇ ಸಹಿ ಮಾಡಿದ ನೋಟಿಸು ಬಾಗಿಲ ಮೇಲಿತ್ತು. ಇಪ್ಪತ್ತಾರು ವರ್ಷ ಅದನ್ನು ತೊಳೆದ ಬೆರಿಲ್‌ಗೆ ಕೆಲಸ ಹೋಗುವುದಕ್ಕಿಂತ ಶುಕ್ರವಾರದ ಸಂತೆಗೆ ಬರುವ ಮುದುಕ ಮುದುಕಿಯರ ಪಾಡು ನೆನೆದೇ ಹೆಚ್ಚು ಸಂಕಟ.

ಮರುದಿನ ಅರಮನೆಯ ಪ್ರತಿನಿಧಿಯಾಗಿ ಬಂದವರು ಎಪ್ಪತ್ತೆಂಟು ವರ್ಷದ ಲೇಡಿ ರ‍್ಯಾಕ್ಸಲ್. ಪರದೆ ಸರಿಯಿತು, ಬ್ಯಾಂಡು ಬಾರಿಸಿತು. ಮೇಯರರ ಭಾಷಣ ನಲವತ್ತು ನಿಮಿಷ. ಆಮೇಲೆ ಮೂರು ಸಂಘದವರಿಂದ ಮೂರು ಕಪ್ ಚಹಾ. ಕೊಟ್ಟ ಚಹಾ ಬೇಡವೆನ್ನುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ.

ಮೂರನೆಯ ಕಪ್ ಕೆಳಗಿಟ್ಟ ಲೇಡಿ, ಬೆರಿಲ್‌ಳ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಬೆರಿಲ್ ಬಾಗಿಲು ತೆರೆದು, ಇನ್ನೊಂದು ಹಾಡು ಬಾರಿಸುವಂತೆ ಬ್ಯಾಂಡಿನವರಿಗೆ ಕೈ ಮಾಡಿದಳು. ಊರಿನ ಜನ ಏನೂ ನಡೆದೇ ಇಲ್ಲವೆಂಬಂತೆ ಮೋಡ ನೋಡುತ್ತ ನಿಂತರು.

ಹೊರಗೆ ಬಂದ ಲೇಡಿ ಕನ್ನಡಕ ಏರಿಸಿ ನೋಟಿಸು ಓದಿದರು. “ಇದನ್ನ ಮುಚ್ತೀರಾ, ಮೇಯರೇ?”

“ಛೆ ಛೆ, ಎಲ್ಲಾದ್ರೂ ಉಂಟೇ!” ಮೇಯರ್ ತಾವೇ ನೋಟಿಸು ಕಿತ್ತು ಜೇಬಿಗೆ ತುರುಕಿಕೊಂಡರು.

ಕಾರು ಹೋದ ಮೇಲೆ ಬೆರಿಲ್ ಕಂಚಿನ ಫಲಕವನ್ನು ಒರೆಸುತ್ತ ಹೇಳಿದಳು: “ಪಾಪ ನಮ್ಮ ರಾಣಿ, ಎಪ್ಪತ್ತು ವರ್ಷ ಊರೂರು ಸುತ್ತಿದ ಹೆಂಗಸು. ಎಲ್ರೂ ಚರ್ಚ್ ತೋರ್ಸಿದ್ರು, ಸೇತುವೆ ತೋರ್ಸಿದ್ರು. ಒಳಗೆ ಹೋಗ್ಬರ್ತೀಯೇನಮ್ಮ ಅಂತ ಯಾರಾದ್ರೂ ಕೇಳಿದ್ರಾ?”