ಬಹಿರಂಗ ಹರಾಜು

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜೇ ನಡೆಯಬೇಕೆಂಬುದು ಸರ್ಕಾರದ ಕಾನೂನು. ಆದರೆ ಒಬ್ಬರ ಕೂಗಿನ ಮೇಲೆ ಇನ್ನೊಬ್ಬರು ಕೂಗಬಾರದೆಂದು ಗೂಡು ಕೊಂಡು ನೂಲು ತೆಗೆಯುವವರು ತಮ್ಮೊಳಗೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಅದಕ್ಕೆ ಶಿವನಂಜಪ್ಪನೇ ಯಜಮಾನ. ಅವರಲ್ಲಿ ಅದನ್ನು ಮುರಿದವಳು ರೇಹಾನಾ ಒಬ್ಬಳೇ. ಅವಳ ನೂಲನ್ನು ಯಾವ ವ್ಯಾಪಾರಿಯೂ ಕೊಳ್ಳದಂತೆ ಅವನು ನೋಡಿಕೊಂಡಿದ್ದ.

ಅಂದು ಅವನು ಕೂಗಿದ ಬೆಲೆಯ ಮೇಲೆ ಅವಳು ಮತ್ತೆ ಕೂಗಿದಳು.

"ಇನ್ನೂ ಬುದ್ಧಿ ಬಂದಿಲ್ವೇನಮ್ಮ?" ಎಂದ ಶಿವನಂಜಪ್ಪ.

"ಕೂಗೋದು ನನ್ನ ಹಕ್ಕು ಅಣ್ಣ. ಬೇಕಾದ್ರೆ ನೀವೂ ಕೂಗಿ."

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅವನಿಗೆ ಗೊತ್ತಾಯಿತು. ಅವನು ಏರಿಸಿದ, ಅವಳೂ ಏರಿಸಿದಳು. ಗೂಡು ತಂದಿದ್ದ ರೈತ ಒಮ್ಮೆ ಅವನತ್ತ, ಒಮ್ಮೆ ಅವಳತ್ತ ತಿರುಗುತ್ತಿದ್ದ. ಆ ವರ್ಷ ಯಾರೂ ಕೊಡದಿದ್ದ ಬೆಲೆಗೆ ಕೊನೆಗೂ ಗೂಡು ಶಿವನಂಜಪ್ಪನದಾಯಿತು. ರೇಹಾನಾ ಮುಂದಿನ ರಾಶಿಯತ್ತ ಹೊರಟಳು. ಅದನ್ನು ಅಗ್ಗಕ್ಕೆ ಕೊಳ್ಳಲು ಕಾದಿದ್ದ ಅವನ ಗೆಳೆಯರ ಮುಖ ಕಳೆಗುಂದಿತು.

"ಅಲ್ಲೂ ಕೂಗ್ತೀಯಾ?" ಅವನು ಹಲ್ಲು ಕಡಿದ. "ನಿನ್ನ ನೂಲು ಯಾರೂ ಮುಟ್ಟಲ್ಲ, ಗೂಡು ತಗೊಂಡು ಏನ್ಮಾಡ್ತೀಯ?"

"ನೂಲು ಎಲ್ಲಿಂದ ಬರ್ಬೇಕಣ್ಣ?" ಎಂದಳು ರೇಹಾನಾ. "ಯಂತ್ರ ಮಾರಿ ವಾರ ಆಯ್ತು. ಕೂಗೋ ಲೈಸೆನ್ಸ್ ಮಾತ್ರ ವರ್ಷದ ಕೊನೆವರೆಗೂ ಇದೆ."