ಕಾಯುವ ಹೊತ್ತು

ಯಾರೋ ಮತ್ತೆ ಕೈಯಾಡಿಸಿದ್ದರು. ಕಳೆದ ಭಾನುವಾರವಿಡೀ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂರಿಸಿದ್ದ ಅಂಕಿಗಳು ಒಂದೂ ಇದ್ದಲ್ಲಿರಲಿಲ್ಲ. ಗಂಡನಿಗೆ ಮೈಯೆಲ್ಲ ಉರಿದುಹೋಯಿತು.

ಕಂಪ್ಯೂಟರ್ ಹೆಂಡತಿಯದು, ಹುಚ್ಚು ಅವನದು. ಅವಳು ಮನೆಯಲ್ಲೇ ಕೂತು ಜಾಹೀರಾತಿನ ವಿಡಿಯೋ ಜೋಡಿಸುತ್ತಿದ್ದಳು. ಜೋಡಿಸಿದ್ದನ್ನು ಯಂತ್ರ ಪೂರ್ತಿ ವಿಡಿಯೋ ಮಾಡಿ ಕೊಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಒಂದನ್ನು ಕಳಿಸಿದರೆ ಆಫೀಸಿನವರು ಇನ್ನೊಂದನ್ನು ತಳ್ಳುತ್ತಿದ್ದರು. ಅವಳ ಕೆಂಪಾದ ಕಣ್ಣು ನೋಡಲಾರದೆ ಅವನು ಯಂತ್ರ ಬೇಗ ಓಡಲೆಂದು ಅದರ ಮೆಮೊರಿಗೆ ಕೈ ಹಾಕಿದ್ದ.

ಅದೇನು ಹುಡುಗಾಟದ ಕೆಲಸವಲ್ಲ. ಮೆಮೊರಿಯ ವೇಗ ಏರಿಸಿದರೆ ಟೈಮಿಂಗ್, ಅಂದರೆ ಪ್ರತಿ ಹೆಜ್ಜೆಗೂ ಅದು ಕಾಯುವ ಹೊತ್ತು, ಸಡಿಲ ಬಿಡಬೇಕು. ಟೈಮಿಂಗ್ ಬಿಗಿ ಮಾಡಿದರೆ ವೇಗ ಇಳಿಸಬೇಕು. ಎರಡನ್ನೂ ಎಳೆದರೆ ಯಂತ್ರ ಮಕಾಡೆ ಮಲಗುತ್ತದೆ. ಅದು ತಾನಾಗಿ ಎಡವಿದ್ದರೆ ಕಾರ್ಖಾನೆಯಿಂದ ಬಂದಾಗಿನ ಮೂಲ ಅಂಕಿಗಳಿಗೆ ಮರಳುತ್ತಿತ್ತು. ಇವು ಅವಲ್ಲ. ಬಲ್ಲವರು ಅಳೆದು ತೂಗಿ ನಿಧಾನಗೊಳಿಸಿದ ಅಂಕಿಗಳು.

ಬಲ್ಲವನೆಂದರೆ ಭಾಮೈದನೊಬ್ಬನೇ. ಕಂಪ್ಯೂಟರ್ ರಿಪೇರಿ ಅಂಗಡಿಯವನು, ಮಧ್ಯಾಹ್ನ ಅಕ್ಕನ ಮನೆಯಲ್ಲೇ ಊಟ. ಭಾವನ ಈ ಹುಚ್ಚಿಗೆ ಮದ್ದಿಲ್ಲವೆಂದು ಸದಾ ಕಿಚಾಯಿಸುತ್ತಿದ್ದ. ಇದು ನಿನ್ನ ಕೆಲಸವೇ ಎಂದು ಗಂಡ ಅವನನ್ನು ಕೇಳಿಯೇಬಿಟ್ಟ. ಭಾಮೈದ ಮುಖ ಊದಿಸಿಕೊಂಡು ಎದ್ದು ಹೋದ.

"ಅವನಲ್ಲ," ಎಂದಳು ಹೆಂಡತಿ. ತಮ್ಮನ ಪರ ವಹಿಸದೆ ಇರುತ್ತಾಳೆಯೇ ಎಂದುಕೊಂಡ ಅವನು ಅಂಕಿಗಳನ್ನು ಮತ್ತೆ ಬಿಗಿ ಮಾಡಿದ.

"ನಿನಗೆ ಕಾಲು ಗಂಟೆ ಉಳಿಸಿದ್ದೀನಿ ನೋಡು."

"ಇನ್ನೂ ಬೇಗ ಆಗುತ್ತಾ?"

"ಆಗದೆ ಏನು," ಎಂದು ಎದೆಯುಬ್ಬಿಸಿದ.

ಭಾಮೈದ ಆ ವಾರ ಮನೆಯತ್ತ ತಲೆ ಹಾಕಲಿಲ್ಲ. ಆದರೂ ಅಂಕಿಗಳು ಸಡಿಲಗೊಂಡವು. ಗಂಡನ ತಲೆ ಗಿರ್ರೆಂದಿತು. ಮರುದಿನ ತಲೆನೋವಿನ ನೆಪ ಹೇಳಿ ಆಫೀಸಿನಿಂದ ಮಧ್ಯಾಹ್ನವೇ ಹೊರಟು, ಸದ್ದಾಗದಂತೆ ಬಾಗಿಲು ತೆಗೆದ.

ಯಂತ್ರದ ಮುಂದೆ ಹೆಂಡತಿ ಕೂತಿದ್ದಳು. ತೆರೆಯ ಮೇಲೆ ಮೆಮೊರಿಯ ಅಂಕಿಗಳು. ಒಂದಿಷ್ಟೂ ತಡವರಿಸದೆ ಒಂದೊಂದನ್ನೇ ಬದಲಿಸುತ್ತಿದ್ದಳು.

"ನಿನ್ನ ತಮ್ಮ ಹೇಳಿಕೊಟ್ಟನಾ?"

ಅವಳು ಬೆಚ್ಚಿದಳು. ಆಮೇಲೆ ನಕ್ಕಳು. "ನೀವೇ. ದಿನಾ ಊಟಕ್ಕೆ ಕೂತಾಗ ಬೇರೆ ಏನು ಮಾತಾಡ್ತೀರಿ?"

ತಾನು ಇಷ್ಟೆಲ್ಲ ಒದ್ದಾಡಿದ್ದು ಅವಳಿಗೊಂದಿಷ್ಟು ಬಿಡುವು ಸಿಗಲೆಂದೇ ಎಂದು ತೊದಲಿದ. ತನಗದು ಗೊತ್ತೆಂದೂ, ಅವನ ಉತ್ಸಾಹ ನೋಡಿ ಬೇಡವೆನ್ನಲು ಬಾಯಿ ಬರಲಿಲ್ಲವೆಂದೂ ಅವಳು ಹೇಳಿದಳು. ಸಂಜೆಗೆ ತಮ್ಮನನ್ನು ಊಟಕ್ಕೆ ಕರೆದು ಕ್ಷಮೆ ಕೇಳಬೇಕೆಂದೂ ಸೇರಿಸಿದಳು. ಯಂತ್ರವನ್ನು ಕೆಲಸಕ್ಕೆ ಹಚ್ಚಿ, ಪಕ್ಕದ ಸೋಫಾದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದಳು.

"ಇದು ಓಡ್ತಿರೋವಾಗ ಮಾತ್ರ ಆಫೀಸಿನವರು ಮುಂದಿನ ಕೆಲಸ ಕೊಡಲ್ಲ ರೀ. ನನಗೆ ದಿನಕ್ಕೆ ಸಿಗೋ ನಿದ್ದೆ ಅಷ್ಟೇ, ನೀವು ವಾರವಾರ ಅದನ್ನೇ ಕಡಿಮೆ ಮಾಡ್ತಾ ಬಂದ್ರಿ."