ಬಾಲ ಹಿಡಿದವಳ ಒದೆ

ಎಂಜಿನ್ ಕಿರುಚುತ್ತಿತ್ತು. ಮುನ್ನುಗ್ಗಲು ಎಳೆಯುತ್ತಿದ್ದ ಮಾದರಿ ವಿಮಾನದ ಬಾಲವನ್ನು ಹೆಂಡತಿ ನೆಲದಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದಿದ್ದಳು. ಗಂಡ ಎದುರಿನಿಂದಲೇ ಬಗ್ಗಿ ಇಂಧನದ ತಿರುಪಿಗೆ ಕೈ ಹಾಕಿದ. "ಪ್ರೊಪೆಲ್ಲರಿನ ಎದುರಿಗೆ ಹೋಗ್ಬೇಡಿ, ಹಿಂದಿನಿಂದ ಬನ್ನಿ" ಎಂದು ವಿಮಾನ ಕ್ಲಬ್ಬಿಗೆಲ್ಲ ಪಾಠ ಹೇಳುವ ಮಹಾನುಭಾವ! ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿ ಗಿರ್ರನೆ ತಿರುಗುತ್ತಿದ್ದ ಪ್ರೊಪೆಲ್ಲರಿಗೆ ಗೇಣು ದೂರದಲ್ಲಿತ್ತು.

"ರೀ, ಈ ಕಡೆಯಿಂದ ಬನ್ರೀ!"

"ಸುಮ್ನೆ ಹಿಡ್ಕೊಳ್ಳೇ. ನಂಗೇ ಪಾಠನಾ?"

ಬಾಲ ಬಿಟ್ಟರೆ ವಿಮಾನ ಅವನ ಮುಖಕ್ಕೇ ನುಗ್ಗುತ್ತದೆ. ಕೈ ಬಿಡದೆ, ರೆಕ್ಕೆಯ ಮೇಲಿಂದ ಕಾಲು ಚಾಚಿ ಅವನ ಭುಜಕ್ಕೆ ಒದ್ದಳು.

ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ಅಂಗಾತ ಬಿದ್ದವನು ಕೆಂಡವಾಗಿ ಎದ್ದ. ಬೈಯಲು ಬಾಯಿ ತೆರೆದವನಿಗೆ ಎದೆಯ ಮೇಲೆ ಪ್ರೊಪೆಲ್ಲರ್ ಕತ್ತರಿಸಿ ಉಳಿಸಿದ ಅರ್ಧ ಚೀಟಿಯಷ್ಟೇ ಕಂಡಿತು. ವಿಮಾನವನ್ನು ದೂರದಿಂದ ಬಳಸಿ ಅವಳ ಪಕ್ಕ ಬಂದು ಕುಕ್ಕರಿಸಿದ.

"ಬಾಲ ನಾನು ಹಿಡ್ಕೋತೀನಿ. ತಿರುಪು ನೀನೇ ತಿರುಗ್ಸೇ."